ತುಂಬಿದ ಟಾಕಿ

ಮಿರಜದಲ್ಲಿದ್ದ ಕಣ್ಣಿನ ಚಿಕಿತ್ಸೆಯ ನಮ್ಮ ಸಣ್ಣ ಟ್ರಸ್ಟು ಸಾಂಗ್ಲಿಯ ಇನ್ನೊಂದು ಟ್ರಸ್ಟಿನೊಂದಿಗೆ ಒಂದಾದ ವರ್ಷದ ದಿನಚರಿಯನ್ನು ಮೊನ್ನೆ ಪೆಟ್ಟಿಗೆಯಿಂದ ತೆಗೆದು ಓದಿದೆ. ಆ ವರ್ಷ ಮ್ಹೈಸಾಳದ ಶಿಬಿರದಲ್ಲಿ ನಮ್ಮ ಜನರೇಟರ್ ಕೈಕೊಟ್ಟಿತು, ತಪ್ಪು ನನ್ನದೆಂದು ನಾನು ಅಲ್ಲೇ ಒಪ್ಪಿಕೊಂಡೆ. ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಹೀಗೆ. ಹೇಳಿ ಹೇಳಿ ನನಗೂ ಅದೇ ನಿಜವಾಗಿತ್ತು. ದಿನಚರಿಯ ಪ್ರಕಾರ ಜನರೇಟರ್ ಕೈಕೊಟ್ಟದ್ದು ಗುರುವಾರ, ನಾನು ಬಾಯಿಬಿಟ್ಟದ್ದು ಸೋಮವಾರ. ನಡುವಿನ ದಿನಗಳನ್ನು ನನ್ನ ನೆನಪು ಸದ್ದಿಲ್ಲದೆ ನುಂಗಿಕೊಂಡಿದೆ. ಅವನ್ನು ಹೊರಗೆ ತೆಗೆಯಲಾಗುತ್ತದೆಯೇ ನೋಡೋಣವೆಂದು ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮದು ಹಳ್ಳಿಗಳಿಗೆ ಹೋಗಿ ಕಣ್ಣು ತಪಾಸಣೆ ಮಾಡುವ ವ್ಯಾನು. ಒಳಗೆ ಕಣ್ಣು ನೋಡುವ ಯಂತ್ರ, ಅಕ್ಷರಗಳ ಬೆಳಕಿನ ಪೆಟ್ಟಿಗೆ, ಎರಡು ಫ್ಯಾನು, ಹಿಂದಿನ ಖಾನೆಯಲ್ಲಿ ಒಂದು ಪೆಟ್ರೋಲ್ ಜನರೇಟರ್. ಹಳ್ಳಿಯ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಜನರೇಟರ್ ನಿಂತರೆ ಶಿಬಿರವೂ ನಿಂತಂತೆ. ಒಂಬತ್ತು ವರ್ಷ ಆ ವ್ಯಾನಿನ ಉಸ್ತುವಾರಿ ನನ್ನದು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಆ ಪದವಿಗೆ ತಕ್ಕ ಕೆಲಸ ಸಿಗಲಿಲ್ಲವೆಂಬ ಕೊರಗನ್ನು ಮರೆಸಿದ್ದು ಆ ವ್ಯಾನು. ಮುಂದಿನ ಸೀಟಿನಲ್ಲಿ ಕುಳಿತು ಕೃಷ್ಣಾ ನದಿಯ ಸೇತುವೆ ದಾಟುವಾಗ ನಾನೂ ಲೆಕ್ಕಕ್ಕಿರುವವಳು ಎಂದು ಅನ್ನಿಸುತ್ತಿತ್ತು. ಕಚೇರಿಯ ಮೇಜಿನ ಮುಂದೆ ಹಾಗೆ ಎಂದೂ ಅನ್ನಿಸಲಿಲ್ಲ.

ಟ್ರಸ್ಟುಗಳು ಒಂದಾದಾಗ ಎರಡೂ ಕಡೆಯ ರಬ್ಬರ್ ಮುದ್ರೆಗಳು ರದ್ದಾದವು. ಎರಡೂ ವ್ಯಾನುಗಳನ್ನು ಕುಪವಾಡದ ಒಂದು ಬಾಡಿಗೆ ಶೆಡ್ಡಿಗೆ ತಂದು ನಿಲ್ಲಿಸಿದರು. ಇನ್ನು ಮುಂದೆ ಒಂದೇ ವ್ಯಾನು ಓಡುವುದು, ಅದಕ್ಕೆ ಒಬ್ಬರೇ ಉಸ್ತುವಾರಿ, ಇನ್ನೊಬ್ಬರಿಗೆ ಸಾಂಗ್ಲಿ ಕಚೇರಿಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜು ಎಂದು ಹೇಳಿದರು. ಇದ್ದದ್ದು ಇಬ್ಬರು, ನಾನು ಮತ್ತು ಸಾಂಗ್ಲಿ ವ್ಯಾನಿನ ಸಹಾಯಕಿ. ಮಳೆಗಾಲ ಮುಗಿದ ಮೇಲಿನ ಮೊದಲ ಶಿಬಿರವನ್ನು ನಾವಿಬ್ಬರೂ ಸೇರಿ ನಡೆಸಬೇಕು, ಅದನ್ನು ನೋಡಿ ನಮ್ಮ ವ್ಯಾನಿನಲ್ಲಿ ಕಣ್ಣು ನೋಡುತ್ತಿದ್ದ ಡಾಕ್ಟರ್ ಸಾಹೇಬರು ನಿರ್ಧರಿಸುತ್ತಾರೆ ಎಂದಾಯಿತು.

ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು. ಗಡಿಯ ಹಳ್ಳಿಯೊಂದರ ಕುರಿ ಸಾಕುವ ಮನೆತನದವಳು, ಕಲಿತದ್ದು ಹನ್ನೆರಡನೇ ಇಯತ್ತೆಯವರೆಗೆ. ಮನೆಮಾತು ನನ್ನಂತೆಯೇ ಕನ್ನಡ. ಮೊದಲ ದಿನವೇ ಅದನ್ನು ಕಂಡುಹಿಡಿದು, "ಅಕ್ಕಾರ, ನೀವೂ ನಮ್ಮವರ ಅನ್ರಿ ಹಂಗಾರ," ಎಂದಳು. ನಮ್ಮದು ಮಿರಜ ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡಿದ ಮನೆತನ, ನಮ್ಮವರು ಅವರವರು ಎಂಬ ಲೆಕ್ಕ ನನ್ನಲ್ಲಿ ಬೇರೆಯೇ ಇತ್ತು. ನಾನು ನಕ್ಕೆನೆಂದು ನೆನಪು. ಸರಿಯಾಗಿ ನಕ್ಕಿರಲಾರೆ.

ಡಾಕ್ಟರ್ ಸಾಹೇಬರು ವಯಸ್ಸಾದವರು, ಮರಾಠಿ ಮಾತ್ರ ಆಡುವವರು. ಅವರ ಮಾತನ್ನು ಇಲ್ಲಿ ನಮ್ಮ ಕನ್ನಡದಲ್ಲೇ ಹಾಕಿದ್ದೇನೆ. ಒಂದು ಶಬ್ದವನ್ನು ಮಾತ್ರ ಬದಲಿಸುವುದಿಲ್ಲ. ಒಂಬತ್ತು ವರ್ಷ ಅವರು ನನ್ನನ್ನು ಮ್ಯಾಡಮ್ ಎಂದು ಕರೆದರು. ಅದನ್ನು ಗೌರವವೆಂದು ಹೆಮ್ಮೆಪಟ್ಟಿದ್ದೆ. ಆಕೆಯನ್ನು ಅವರು ಎರಡನೇ ವಾರಕ್ಕೇ ಪೋರಿ ಎಂದರು. ಪೋರಿ ಎಂದರೆ ಹುಡುಗಿ, ಮನೆಯ ಹುಡುಗಿ. "ಪೋರಿ, ಚಷ್ಮಾ ಎಲ್ಲಿಟ್ಟೆ ನೋಡು," "ಪೋರಿ, ಚಹಾ ಕುಡದೇನ?" ಆ ಶಬ್ದ ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ತಿರುಗುತ್ತಿದ್ದೆ. ನಲವತ್ತು ದಾಟಿದ ಹೆಂಗಸು, ಮುದುಕರೊಬ್ಬರು ತನ್ನನ್ನು ಹುಡುಗಿ ಎನ್ನಲಿಲ್ಲವೆಂದು ಸಂಕಟಪಡುವುದೇ? ಪಟ್ಟೆ. ದಿನಚರಿಯಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. "ಹೊಸ ಸಹಾಯಕಿಗೆ ಶಿಸ್ತು ಕಡಿಮೆ" ಎಂದಷ್ಟೇ ಇದೆ.

ಆಕೆ ಜನರೇಟರನ್ನು ಬಂದ್ ಮಾಡುವ ರೀತಿಯೂ ನನಗೆ ಸಹಿಸಲಾಗುತ್ತಿರಲಿಲ್ಲ. ನಾನು ಸ್ವಿಚ್ ಒತ್ತಿ ಬಂದ್ ಮಾಡುತ್ತಿದ್ದೆ, ಒಂದು ಕ್ಷಣದ ಕೆಲಸ. ಆಕೆ ತಮ್ಮ ಸಣ್ಣ ಜನರೇಟರಿನ ಪೆಟ್ರೋಲ್ ಹರಿಯುವ ಪೈಪಿನ ಕಾಕ್ ತಿರುಗಿಸಿ ಮುಚ್ಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಡುತ್ತಿದ್ದಳು. ಯಂತ್ರ ಎರಡು ಮೂರು ನಿಮಿಷ ಓಡಿ, ಕೆಮ್ಮಿ, ತಾನಾಗಿ ನಿಲ್ಲುತ್ತಿತ್ತು. ಕಾರ್ಬುರೇಟರಿನಲ್ಲಿ ಒಂದು ಹನಿಯೂ ಉಳಿಯಬಾರದು ಎಂಬುದು ಆಕೆಯ ನಿಯಮ. ಆಮೇಲೆ ಪೆಟ್ರೋಲಿನ ಟಾಕಿಯಲ್ಲಿ ಉಳಿದದ್ದನ್ನು ಕ್ಯಾನಿಗೆ ಬಸಿದು ಡ್ರೈವರ್ ಕಾಕಾನ ಸ್ಕೂಟರಿಗೆ ಹಾಕಿಸುತ್ತಿದ್ದಳು. ಡ್ರೈವರ್ ಕಾಕಾ ಎಂದರೆ ಸಾಂಗ್ಲಿ ಕಡೆಯಿಂದ ಬಂದ ಹಿರಿಯ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ.

"ಇದನ್ನ ಯಾರ ಕಲಿಸಿದ್ರು ನಿನಗ?" ಎಂದು ಕೇಳಿದ್ದೆ.

"ಅಪ್ಪಾರಿ. ಹೊಳಿದಂಡಿಗೆ ನಮ್ಮದೊಂದು ಎಂಜಿನ್ ಇತ್ತು, ಕಬ್ಬಿಗೆ ನೀರು ಎತ್ತೂದು. ಮಳಿಗಾಲಕ್ಕ ಹೊಳಿ ಏರೂದ್ರಾಗ ಅದನ್ನ ಮ್ಯಾಲ ತರತಿದ್ವಿ. ಟಾಕಿ ಬರಿದ ಮಾಡೇ ಹೊರತಿದ್ದೆವ್ರಿ. ಒಂದ ವರ್ಷ ಬರಿದ ಮಾಡದ ಹಂಗ ಇಟ್ವಿ. ದೀಪಾವಳಿಗೆ ಹಚ್ಚಾಕ ಹೋದ್ರ ಒಳಗ ಅಂಟು ಕುಂತಿತ್ತು. ಅಪ್ಪ ಒಂದು ಬೈಗಳ ಉಳಿಸಲಿಲ್ಲ."

ಬರಿದು ಎಂಬ ಶಬ್ದ ನಮ್ಮ ಮನೆಯಲ್ಲಿ ಆಡುವಂಥದ್ದಲ್ಲ. ಅಂಗಡಿಯಲ್ಲಿ ಬೆಲ್ಲದ ಡಬ್ಬಿಯಿಂದ ಕೊನೆಯ ಅಚ್ಚು ಮಾರಿದರೂ ತಳದಲ್ಲಿ ಒಂದು ಚೂರು ಬಿಡುತ್ತಿದ್ದರು. ಅಕ್ಕಿಯ ಡಬ್ಬಿ ತೊಳೆದ ದಿನ ಒಂದು ಹಿಡಿ ಅಕ್ಕಿ ಹಾಕಿಯೇ ಮುಚ್ಚಳ ಮುಚ್ಚುವುದು. ಬರಿದಾದ ಪಾತ್ರೆಯನ್ನು ರಾತ್ರಿಗೆ ಬಿಟ್ಟರೆ ಅವ್ವ ಮಲಗುತ್ತಿರಲಿಲ್ಲ. ಹಾಗೆ ಬೆಳೆದ ನಾನು ಜನರೇಟರಿನ ಟಾಕಿಯನ್ನೂ ಎಂದೂ ಬರಿದಾಗಿ ಇಟ್ಟವಳಲ್ಲ. ಆ ವರ್ಷವೂ ಮಳೆಗಾಲಕ್ಕೆ ಮುಂಚೆ, ಶಿಬಿರಗಳು ನಿಲ್ಲುವ ಹೊತ್ತಿಗೆ, ಕಂಠಮಟ್ಟ ತುಂಬಿಸಿ ಮುಚ್ಚಿದ್ದೆ. ಯಾರಾದರೂ ಕೇಳಿದರೆ, ಟಾಕಿ ತುಂಬಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ, ಗಾಳಿಯಿಲ್ಲದಿದ್ದರೆ ತೇವದ ಹನಿ ಕಟ್ಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂದು ವಿವರಿಸುತ್ತಿದ್ದೆ. ಸುಳ್ಳಲ್ಲ. ಆದರೆ ನಿಂತ ಪೆಟ್ರೋಲಿನ ಹಗುರ ಅಂಶ ತಿಂಗಳುಗಳಲ್ಲಿ ಹಾರಿಹೋಗುತ್ತದೆ, ಅದರಲ್ಲಿ ಬೆರೆಸಿದ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಉಳಿದದ್ದು ಅಂಟಾಗಿ ಸಣ್ಣ ತೂತುಗಳಲ್ಲಿ ಕೂರುತ್ತದೆ. ಇದನ್ನೂ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆಯಲು ಹೇಳಿದ್ದರೆ ಅಂದವಾಗಿ ಬರೆಯುತ್ತಿದ್ದೆ. ಅವ್ವನ ಡಬ್ಬಿಗೆ ವಿರುದ್ಧವಾದ ಅರ್ಧವನ್ನು ಮಾತ್ರ ಯಾಕೆ ಮರೆತೆ ಎಂದು ಈಗ ಕೇಳಿಕೊಳ್ಳುತ್ತೇನೆ. ಹಿಂದಿನ ಮಳೆಗಾಲಗಳಲ್ಲಿ ಏನೂ ಆಗಿರಲಿಲ್ಲವೆಂದು ಉತ್ತರ ಬರುತ್ತದೆ. ನಿಜವಾಗಿ ಆಗಿರಲಿಲ್ಲವೇ, ಅಥವಾ ಪ್ರತಿ ವರ್ಷ ಒಬ್ಬ ಮೆಕ್ಯಾನಿಕ್ ಬಂದು ಸದ್ದಿಲ್ಲದೆ ಸರಿಮಾಡಿ ಹೋಗುತ್ತಿದ್ದನೇ? ಹಳೆಯ ದಿನಚರಿಗಳಲ್ಲಿ ಎರಡು ಕಡೆ "ಮೆಕ್ಯಾನಿಕ್ ಬಂದಿದ್ದ" ಎಂದು ಇದೆ. ಯಾಕೆ ಬಂದಿದ್ದ ಎಂದು ಇಲ್ಲ.

ಖಂಡೇನವಮಿಯ ದಿನ ಕುಪವಾಡದ ಶೆಡ್ಡಿನಲ್ಲಿ ಪೂಜೆಗೆ ಸೇರಿದೆವು. ಮಂಗಳವಾರ. ವ್ಯಾನಿಗೆ ಚೆಂಡುಹೂವಿನ ಮಾಲೆ, ಚಕ್ರಗಳ ಕೆಳಗೆ ನಿಂಬೆಹಣ್ಣು, ಎರಡು ಜನರೇಟರುಗಳಿಗೂ ಅರಿಶಿಣ ಕುಂಕುಮ. ಗುರುವಾರ ಮ್ಹೈಸಾಳದ ಶಿಬಿರ. ಯಾವ ಜನರೇಟರ್ ಒಯ್ಯಬೇಕೆಂದು ಚರ್ಚೆ ಬಂದಾಗ ನಮ್ಮದು ದೊಡ್ಡದು, ಅದೇ ಬರಲಿ ಎಂದು ನಾನು ಹಟ ಹಿಡಿದಿದ್ದೆ. ದೊಡ್ಡದೆಂಬುದು ನಿಜ. ಕೂಡಿಕೆಯಾದ ಟ್ರಸ್ಟಿನ ಮೊದಲ ಶಿಬಿರದಲ್ಲಿ ಮಿರಜದ ಯಂತ್ರದ ಸದ್ದು ಕೇಳಲಿ, ಅವಳದ್ದಲ್ಲ ಎಂಬುದೂ ಅಷ್ಟೇ ನಿಜ.

ಆಕೆ ನಮ್ಮ ಟಾಕಿಯ ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದಳು.

"ಅಕ್ಕಾರ, ಇದು ಯಾವಾಗಿಂದ್ರಿ?"

"ಮಳಿಗಿಂತ ಮೊದಲಿಂದು."

"ನಾಕ ತಿಂಗಳಾತಲ್ರಿ. ಹಳೇ ಬಣ್ಣದ ಡಬ್ಬಿ ತಗದಂಗ ವಾಸನಿ ಬರಾಕತ್ತೇತಿ. ಇದನ್ನ ಚೆಲ್ಲಿ, ತಳಾ ತೊಳದು, ಹೊಸಾದು ಹಾಕೋಣ್ರಿ. ಈಗ ಮಾಡ್ತೀನಿ, ಹತ್ತು ನಿಮಿಷ."

"ಪೂಜಾ ಆಗೇತಿ. ಇವತ್ತ ಸಾಮಾನ ಬಿಚ್ಚೂ ಹಂಗಿಲ್ಲ."

"ದೇವ್ರಿಗೆ ನಾ ಹೇಳಿಕೋತೀನಿ ಬಿಡ್ರಿ."

ಡ್ರೈವರ್ ಕಾಕಾ ಎಲೆ ಜಗಿಯುತ್ತ, "ಪೋರಿ, ನವಮಿ ದಿವ್ಸ ಹತ್ಯಾರ ಮುಟ್ಟಬಾರದು, ನಾಳಿಗಿ ದಸರಾ," ಎಂದ. ಅವನ ಬಾಯಲ್ಲೂ ಪೋರಿ.

"ಕಾಕಾ, ಹಂಗಾದ್ರ ಚೆಲ್ಲೂದು ಯಾವಾಗ? ನಾಡಿದ್ದ ಏಳಕ್ಕ ಹೊರಡೂದು."

"ಚೆಲ್ಲೂದ ಬ್ಯಾಡ," ಎಂದೆ ನಾನು. "ಪೂಜಾ ಮಾಡಿ ಬರಿದ ಟಾಕಿ ಇಡತಾರೇನ? ನಾ ಕಲತದ್ದ ಇದು. ಪೆಟ್ರೋಲ್ ಏನ ಹಾಲೇನ, ಒಡ್ಯಾಕ?"

ಆಕೆ ನನ್ನ ಮುಖ ನೋಡಿದಳು. ನಾಚಿದಳು ಎಂದು ನನ್ನ ನೆನಪು. ನಾಚಿದ್ದು ನಾನೇ ಇರಬಹುದು. ಟಾಕಿ ಎರಡು ಬೆರಳಷ್ಟು ಇಳಿದಿತ್ತು. ನಾನೇ ಕ್ಯಾನು ಎತ್ತಿ ಹೊಸ ಪೆಟ್ರೋಲನ್ನು ಮೇಲೆ ಸುರಿದು ಕಂಠಮಟ್ಟ ಮಾಡಿ, ಮುಚ್ಚಳ ಬಿಗಿದು, ಅದರ ಮೇಲೆ ಒಂದು ಹೂವು ಇಟ್ಟೆ.

ಗುರುವಾರ ಶಾಲೆಯ ಪಡಸಾಲೆಯಲ್ಲಿ ಜನ ಬೆಳಗಿನಿಂದಲೇ ಕೂತಿದ್ದರು. ಹೆಚ್ಚಿನವರು ಮುದುಕರು. ಕೆಲವರು ಗಡಿಯಾಚೆಯಿಂದ ಬಸ್ಸು ಬದಲಿಸಿ ಬಂದವರು. ಡ್ರೈವರ್ ಕಾಕಾ ಜನರೇಟರಿನ ಹಗ್ಗ ಎಳೆದ. ಎರಡು ಸಲ ಉಗುಳಿ ಸುಮ್ಮನಾಯಿತು. ಚೋಕ್ ಹಾಕಿ ಎಳೆದ, ತೆಗೆದು ಎಳೆದ. ಪ್ಲಗ್ ಬಿಚ್ಚಿ ಒರೆಸಿ ಹಾಕಿ ಎಳೆದ. ತೋಳು ಸೋತು ಕಂಬಕ್ಕೆ ಒರಗಿದ. ಒಳಗೆ ಡಾಕ್ಟರ್ ಸಾಹೇಬರು ಕತ್ತಲ ವ್ಯಾನಿನಲ್ಲಿ ಕೈಕಟ್ಟಿ ಕುಳಿತಿದ್ದರು. ಶಾಲೆಯ ಕರೆಂಟೂ ಅವತ್ತು ಇರಲಿಲ್ಲ.

ಸಾಲಿನಿಂದ ಒಬ್ಬ ಮುದುಕ, "ಏನ ಬಾಯಾರ, ಕಣ್ಣಿನ ಗಾಡಿಗೇ ಮೋತಿಬಿಂದು ಬಂತೇನ್ರಿ?" ಎಂದ.

ಮೋತಿಬಿಂದು ಎಂದರೆ ಕಣ್ಣಿನ ಪೊರೆ. ಪಡಸಾಲೆಯ ತುಂಬ ನಗು. ಇಷ್ಟು ಒಳ್ಳೆಯ ಮಾತನ್ನು ಅವನೇ ಆಡಿದನೋ, ವರ್ಷಗಳಲ್ಲಿ ಕಥೆ ಹೇಳುತ್ತ ನಾನೇ ಅವನ ಬಾಯಲ್ಲಿ ಇಟ್ಟೆನೋ ಗೊತ್ತಿಲ್ಲ. ನಗುವಂತೂ ದಿನಚರಿಯಲ್ಲಿದೆ: "ಜನ ನಕ್ಕರು."

ಆಕೆ ಅಲ್ಲಿಯವರೆಗೆ ಸಾಲಿನವರ ಹೆಸರು ಬರೆದುಕೊಳ್ಳುತ್ತಿದ್ದಳು. ಬರೆಯುವ ಹಲಗೆಯನ್ನು ನನ್ನ ಕೈಗಿಟ್ಟು ಜನರೇಟರಿನ ಮುಂದೆ ಕುಳಿತಳು. ಕಾಕ್ ಮುಚ್ಚಿ, ಪೈಪು ಬಿಡಿಸಿ, ಟಾಕಿಯನ್ನು ಶಾಲೆಯ ಹಳೇ ಎಣ್ಣೆ ಡಬ್ಬಕ್ಕೆ ಬಸಿದಳು. ಬಂದದ್ದು ಚಹಾದ ಬಣ್ಣದ ಪೆಟ್ರೋಲ್. ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದಾಗ ತಳದಲ್ಲಿ ಹಳದಿ ಲೋಳೆ, ಜೇನಿನ ಹಾಗೆ. ಡ್ರೈವರ್ ಕಾಕಾ ಒಂದು ಹಳೇ ವೈರಿನಿಂದ ತಾಮ್ರದ ಎಳೆ ಕಿತ್ತು ಕೊಟ್ಟ. ಅದನ್ನು ಪೆಟ್ರೋಲ್ ಚಿಮ್ಮುವ ಜೆಟ್ಟಿನ ಕೂದಲಿನಷ್ಟು ಸಣ್ಣ ತೂತಿಗೆ ಹಾಕಿ ತೆಗೆದು, ಊದಿ, ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಅಕ್ಕಾರ, ತಾಜಾ ಪೆಟ್ರೋಲ್ ಬೇಕ್ರಿ."

ವ್ಯಾನು ಡೀಸೆಲಿನದು. ಕ್ಯಾನನ್ನು ನಾನು ಮಂಗಳವಾರವೇ ಟಾಕಿಗೆ ಸುರಿದು ಮುಗಿಸಿದ್ದೆ. ಕಬ್ಬಿನ ಹೊಲಕ್ಕೆ ಹೊರಟ ಒಬ್ಬನನ್ನು ನಿಲ್ಲಿಸಿ ಅವನ ಮೋಟರಸೈಕಲ್ಲಿನಿಂದ ಬಾಟಲಿಯಷ್ಟು ತೆಗೆಸಿದೆವು. ಅದನ್ನು ಬೇಡಿದ್ದೂ ಆಕೆಯೇ. "ಅಣ್ಣಾ, ನಿಮ್ಮ ಅವ್ವನೂ ಸಾಲಿನಾಗ ಕುಂತಾಳ ನೋಡು," ಎಂದಳು. ಅವನ ಅವ್ವ ಅಲ್ಲಿ ನಿಜಕ್ಕೂ ಇದ್ದಳೋ ಇಲ್ಲವೋ, ಅವನು ನಗುತ್ತ ಗಾಡಿ ನಿಲ್ಲಿಸಿದ. ಮೂರನೆಯ ಎಳೆತಕ್ಕೆ ಜನರೇಟರ್ ಬಿಳಿ ಹೊಗೆ ಬಿಟ್ಟು ಹಿಡಿಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಕೈಯಲ್ಲಿ ಹಲಗೆ ಹಿಡಿದು ನಿಂತಿದ್ದೆ. ಆ ಹೊತ್ತಿಗೆ ನನಗೆ ಆಗಬೇಕಾಗಿದ್ದದ್ದು ಸಮಾಧಾನ. ಅದು ಮತ್ತೆ ನಿಂತುಹೋಗಲಿ ಎಂದು ನಾನು ಒಂದು ಕ್ಷಣ ಬಯಸಿದೆ. ಇದನ್ನು ದಿನಚರಿಯಲ್ಲಿ ಬರೆದಿಲ್ಲ. ಆದರೂ ಇದರ ಬಗ್ಗೆ ನನಗೆ ಸಂಶಯವಿಲ್ಲ. ಇಷ್ಟು ಕೆಟ್ಟದ್ದನ್ನು ನನ್ನ ನೆನಪು ಸುಮ್ಮನೆ ಹುಟ್ಟಿಸುವುದಿಲ್ಲ.

ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಕೆಲವರು ಎದ್ದುಹೋಗಿದ್ದರು. ಡಾಕ್ಟರ್ ಸಾಹೇಬರು ಊಟದ ಹೊತ್ತಿಗೆ ಕೆಳಗಿಳಿದು ಬಂದು, "ಇದರಾಗ ಹಳೇ ಪೆಟ್ರೋಲ್ ಇಟ್ಟವರ ಯಾರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಕೆ, "ಇಬ್ಬರೂ ಕೂಡಿ ಇಟ್ಟದ್ರಿ ಸಾಹೇಬ್ರ. ಕೂಡಿಕೆ ಗದ್ದಲದಾಗ ಯಾರೂ ಲಕ್ಷ್ಯ ಕೊಡಲಿಲ್ಲ," ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ನಾನು ತೆರೆಯುತ್ತಿದ್ದೆನೇ? ದಿನಚರಿಯ ಗುರುವಾರದ ಪುಟ ಹೀಗೆ ಮುಗಿಯುತ್ತದೆ: "ವಿಲೀನದ ಗೊಂದಲದಿಂದ ಜನರೇಟರಿನ ನಿರ್ವಹಣೆಯಲ್ಲಿ ಲೋಪವಾಯಿತು." ಕರ್ತೃ ಇಲ್ಲದ ವಾಕ್ಯ. ಶುಕ್ರವಾರ ನೆಗಡಿ ಎಂದಿದೆ. ಶನಿವಾರ ಹರಿಪುರಕ್ಕೆ ಹೋಗಿ ಸಂಗಮದಲ್ಲಿ ಕಾಲು ತೊಳೆದು ಬಂದದ್ದಿದೆ. ಭಾನುವಾರ ಖಾಲಿ. ಆ ದಿನಗಳಲ್ಲಿ ನಾನು ಕಾಯುತ್ತಿದ್ದದ್ದು ಒಂದನ್ನೇ. ತಪ್ಪು ಇಬ್ಬರದೂ ಆದರೆ ಹಿರಿತನ ನೋಡುತ್ತಾರೆ, ಹಿರಿತನ ನನ್ನದು.

ಹಾಗೆಯೇ ಆಯಿತು. ಸೋಮವಾರ ಸಾಂಗ್ಲಿ ಕಚೇರಿಗೆ ಇಬ್ಬರನ್ನೂ ಕರೆಸಿ ಡಾಕ್ಟರ್ ಸಾಹೇಬರು, "ಒಂಬತ್ತು ವರ್ಷದ ಅನುಭವ ಐತಿ. ವ್ಯಾನ್ ಮ್ಯಾಡಮ್ ಹತ್ತಿರ ಇರಲಿ. ಪೋರಿ, ನೀ ಮೇಜಿಗೆ ಕುಂದ್ರು," ಎಂದರು. ಆಕೆ ತಲೆಯಾಡಿಸಿದಳು. ಹೊರಗೆ ಬಂದೆವು. ನನ್ನ ಕೈಯಲ್ಲಿ ವ್ಯಾನಿನ ಕೀಲಿ ಇತ್ತು.

ಮೆಟ್ಟಿಲ ಮೇಲೆ ನಿಂತು ಆಕೆ, "ಚೊಲೋ ಆತ್ರಿ ಅಕ್ಕಾರ," ಎಂದಳು. "ನನಗ ಗೊತ್ತಿತ್ತು, ನಿಮ್ಮ ಹೆಸರ ಹೇಳಿದ್ರ ವ್ಯಾನ್ ಹೋಕ್ಕಿತ್ತು. ಅದಕ್ಕ ಇಬ್ಬರೂ ಅಂದೆ. ನಿಮಗ ಅದರಾಗ ಜೀವ ಐತಿ. ನನಗೇನ, ಎಲ್ಲಿ ಕುಂದ್ರಂದ್ರೂ ಕುಂದ್ರತೀನಿ."

"ನಿನಗ ಬ್ಯಾಡಾಗಿತ್ತೇನ?"

"ಬ್ಯಾಡ ಅಂತ ಯಾರಂದ್ರು?" ಎಂದು ನಕ್ಕಳು. "ಶುಕ್ರವಾರದಿಂದ ನಾ ಸರಿಯಾಗಿ ಉಂಡಿಲ್ಲ."

ನನಗೆ ಬಂದದ್ದು ಪಶ್ಚಾತ್ತಾಪ ಎಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಈಗ ಬರೆಯುತ್ತ ನೋಡಿದರೆ ಅದು ಬೇರೆ. ಜನರೇಟರ್ ಓಡಿಸುವುದರಲ್ಲಿ ಆಕೆ ನನಗಿಂತ ಮೇಲು. ಜನರೊಂದಿಗೆ ಮಾತಾಡುವುದರಲ್ಲಿ ಮೇಲು. ಪೋರಿ ಎಂಬ ಶಬ್ದ ಆಕೆಯದು. ಈಗ ಕೊಡುವುದರಲ್ಲೂ ಮೇಲಾದಳು. ಅಲ್ಲಿಂದ ಮುಂದೆ ನಾನು ಮುಂದಿನ ಸೀಟಿನಲ್ಲಿ ಕುಳಿತು ಸೇತುವೆ ದಾಟಿದಷ್ಟು ಸಲವೂ ಆಕೆ ಕೊಟ್ಟದ್ದರ ಮೇಲೆ ಕುಳಿತಿರಬೇಕಾಗುತ್ತಿತ್ತು. ಅದು ನನಗೆ ಆಗುತ್ತಿರಲಿಲ್ಲ. ತಿರುಗಿ ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಒಳಗೆ ಹೋದೆ.

"ಸಾಹೇಬ್ರ, ಇಬ್ಬರೂ ಅಲ್ರಿ. ನಾ ಒಬ್ಬಾಕಿನ. ಆಕಿ ಚೆಲ್ಲೋಣ ಅಂದಳು, ನಾ ಬ್ಯಾಡ ಅಂದೆ. ಮ್ಯಾಲ ಹೊಸಾದು ಸುರುವಿದೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಗುರುವಾರ ಯಾಕ ಹೇಳಲಿಲ್ಲ ಮ್ಯಾಡಮ್?"

ನಾನು ಕೀಲಿಯನ್ನು ಮೇಜಿನ ಮೇಲಿಟ್ಟೆ.

"ಆಕಿನ್ನ ಕರೀರಿ," ಎಂದರು.

ನಾನೇ ಕರೆದೆ. ಆಕೆ ಕೀಲಿಯನ್ನು ಎತ್ತಿಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ. ದಿನಚರಿಯಲ್ಲಿ ಸೋಮವಾರ: "ಸಾಹೇಬರಿಗೆ ನಿಜ ಹೇಳಿದೆ. ಮನಸ್ಸು ಹಗುರಾಯಿತು." ಮೊದಲ ವಾಕ್ಯ ಸರಿ. ಎರಡನೆಯದನ್ನು ಯಾರಿಗಾಗಿ ಬರೆದೆನೋ ತಿಳಿಯದು. ಆ ಪುಸ್ತಕವನ್ನು ನನ್ನ ಹೊರತು ಯಾರೂ ಓದುವವರಿರಲಿಲ್ಲ.

ಅಲ್ಲಿಂದ ನಿವೃತ್ತಿಯವರೆಗೆ ನಾನು ಮೇಜಿನ ಮುಂದೆ ಕುಳಿತೆ. ವ್ಯಾನು ಕಚೇರಿಯ ಮುಂದಿನಿಂದಲೇ ಹೊರಡುತ್ತಿತ್ತು, ಕಿಟಕಿಯಿಂದ ಕಾಣುತ್ತಿತ್ತು. ಅದು ಹೊರಡುವ ಹೊತ್ತಿಗೆ ನಾನು ಬೇಕೆಂದೇ ಡ್ರಾವರಿನಲ್ಲಿ ಏನಾದರೂ ಹುಡುಕುತ್ತಿದ್ದೆ.

ಮರುವರ್ಷ ಮಳೆಗಾಲಕ್ಕೆ ಮುಂಚೆ ಆಕೆ ಮೇಜಿನ ಹತ್ತಿರ ಬಂದಳು. ಟ್ರಸ್ಟಿನ ಬೇರೆ ಗಾಡಿಗಳಿಗೂ ಜನರೇಟರ್ ಕೊಡುತ್ತಿದ್ದಾರೆ, ಡ್ರೈವರುಗಳಿಗಾಗಿ ಒಂದು ಕಾಗದ ಬರೆದುಕೊಡಬೇಕು ಎಂದಳು.

"ನನ್ನ ಅಕ್ಷರ ಕೋಳಿ ಕೆದರಿದಂಗ್ರಿ. ನಾ ಹೇಳತೀನಿ, ನೀವು ಬರೀರಿ, ಮರಾಠಿ ಒಂದು, ಕನ್ನಡ ಒಂದು."

ಆಕೆ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕೆಲಸ ಮುಗಿದ ಮೇಲೆ ಕಾಕ್ ಮುಚ್ಚಿ, ಯಂತ್ರ ತಾನಾಗಿ ನಿಲ್ಲುವವರೆಗೆ ಕಾಯಬೇಕು. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟಾಕಿಯನ್ನೂ ಬಟ್ಟಲನ್ನೂ ಬಸಿಯಬೇಕು, ಬಸಿದ ಪೆಟ್ರೋಲ್ ತಾಜಾ ಇರುವಾಗಲೇ ಯಾವುದಾದರೂ ಗಾಡಿಗೆ ಹಾಕಿ ಮುಗಿಸಬೇಕು. ಬಸಿಯದೆ ಇಡುವುದಿದ್ದರೆ ಹದಿನೈದು ದಿನಕ್ಕೊಮ್ಮೆ ಫ್ಯಾನು ದೀಪ ಹಚ್ಚಿ ಅರ್ಧ ತಾಸು ಓಡಿಸಬೇಕು. ಹಳೆಯದರ ಮೇಲೆ ಹೊಸದು ಸುರಿಯಬಾರದು. ಆ ಸಾಲು ಹೇಳುವಾಗ ಆಕೆಯ ದನಿ ಬದಲಾಗಲಿಲ್ಲ. ನಾನು ತಲೆ ಎತ್ತದೆ ಬರೆದೆ. ಎಥೆನಾಲ್ ತೇವ ಹೀರುವ ಬಗ್ಗೆ ಎರಡು ಸಾಲು, ಕ್ಯಾನಿನ ಮೇಲೆ ತುಂಬಿಸಿದ ತಾರೀಖು ಬರೆಯಬೇಕೆಂಬ ಒಂದು ಸಾಲು ನಾನು ಸೇರಿಸಿದೆ.

"ತಾರೀಖಿಂದು ಚೊಲೋ ಆತ್ರಿ. ನನಗ ಹೊಳದೇ ಇರಲಿಲ್ಲ," ಎಂದಳು. "ಕೆಳಗ ನಿಮ್ಮ ಸಹಿ ಹಾಕ್ರಿ. ನನ್ನ ಹೆಸರ ನೋಡಿದ್ರ ಈ ಡ್ರೈವರ್ ಮಂದಿ ನಗತಾರ. ಎಂ.ಎಸ್ಸಿ. ಅಂತ ಇದ್ರ ಓದತಾರ."

ಇಬ್ಬರ ಹೆಸರೂ ಹಾಕೋಣವೆಂದು ಹೇಳಲು ಅರ್ಧ ನಿಮಿಷವಾದರೂ ನನಗೆ ಸಿಕ್ಕಿತ್ತು. ಆಕೆ ಮೇಜಿನ ಅಂಚಿಗೆ ಕೈಯೂರಿ ನಿಂತಿದ್ದಳು, ಉಗುರುಗಳ ಸಂದಿಯಲ್ಲಿ ಎಣ್ಣೆಯ ಕಪ್ಪು. ನಾನು ಸಹಿ ಹಾಕಿ, ಅದರ ಮುಂದೆ ಪದವಿಯನ್ನೂ ಬರೆದು ಕಾಗದವನ್ನು ಆಕೆಗೆ ಕೊಟ್ಟೆ.